ಹಳೆಯ ಟಿವಿ ಗೇಮು, ಹೊಸ ಮೊಬೈಲು

ನನ್ನ ಮೊಬೈಲಿನಲ್ಲಿ ಪಂಚಾಂಗವಿದೆ, ಕೊಂಕಣ ರೈಲಿನ ವೇಳಾಪಟ್ಟಿಯಿದೆ, ಪಿಂಚಣಿ ಜಮೆಯಾಯಿತೇ ಎಂದು ನೋಡಲು ಬ್ಯಾಂಕಿನ ಆ್ಯಪ್ ಇದೆ. ಇವುಗಳ ಪಕ್ಕದಲ್ಲಿಯೇ 1985ರ ಒಂದು ಟ್ಯಾಂಕ್ ಆಟವೂ ಇದೆ ಎಂದರೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ನಕ್ಕಾರು. ನಗಲಿ. ಬೀಜಗಣಿತದ ಲೆಕ್ಕ ತಪ್ಪಿದವರನ್ನು ಮೂವತ್ತು ವರ್ಷ ಬೆಂಚಿನ ಮೇಲೆ ನಿಲ್ಲಿಸಿದ ಮಾಸ್ತರರು ಅರವತ್ತು ದಾಟಿದ ಮೇಲೆ ಜಗುಲಿಯಲ್ಲಿ ಕುಳಿತು ಗೇಮು ಆಡುತ್ತಾರೆಂದರೆ ನಗು ಬರುವುದು ಸಹಜವೇ. ಆದರೆ ಈ ಆಟ ನನ್ನ ಮೊಬೈಲಿಗೆ ಬಂದುದರ ಹಿಂದೆ ಒಂದು ಕಥೆಯಿದೆ. ನಮ್ಮ ಬಂಧುಗಳಲ್ಲಿ ಕೆಲವರಿಗೆ ಅದರ ಒಂದೊಂದು ತುಣುಕು ಗೊತ್ತು. ಪೂರ್ತಿಯಾಗಿ ಯಾರಿಗೂ ಗೊತ್ತಿಲ್ಲ. ಆದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ.

ತೊಂಬತ್ತರ ದಶಕದ ನಡುವಿನಲ್ಲಿ ನಾವು ಕಾರವಾರದ ಕೋಡಿಬಾಗದಲ್ಲಿ ಬಾಡಿಗೆಯ ಮನೆಯಲ್ಲಿದ್ದೆವು. ಹಿಂದೆ ಕಾಳಿ ನದಿ, ಅದರಾಚೆ ಸದಾಶಿವಗಡದ ಗುಡ್ಡ, ಪಡುವಣದಲ್ಲಿ ಸಮುದ್ರ. ನದಿಗೆ ಅಡ್ಡಲಾಗಿ ಗೋವೆಯ ಕಡೆಗೆ ಹೋಗುವ ಸೇತುವೆ. ಆ ಕಾಲದಲ್ಲಿ ಊರಿನ ಮಕ್ಕಳ ಬಾಯಲ್ಲಿ ‘ಟಿವಿ ಗೇಮ್’ ಎಂಬ ಹೊಸ ಶಬ್ದವೊಂದು ಓಡಾಡುತ್ತಿತ್ತು. ಸಮುರಾಯ್, ಮೀಡಿಯಾ ಮುಂತಾದ ಹೆಸರುಗಳ ಪೆಟ್ಟಿಗೆಗಳು ಮುಂಬಯಿಯಿಂದಲೋ ಗೋವೆಯಿಂದಲೋ ಬರುತ್ತಿದ್ದವು. ಪೆಟ್ಟಿಗೆಯ ವಾಯರನ್ನು ಟಿವಿಯ ಆಂಟೆನಾ ತೂತಿಗೆ ಸಿಕ್ಕಿಸಿ, ಚಾನೆಲ್ಲಿನ ತಿರುಪನ್ನು ತಿರುಗಿಸುತ್ತ ಹೋದರೆ ಒಂದು ಕಡೆ ಚಿತ್ರ ನಿಲ್ಲುತ್ತಿತ್ತು. ಮೇಲಿನಿಂದ ಒಂದು ‘ಕ್ಯಾಸೆಟ್’ ಸಿಕ್ಕಿಸಬೇಕು. ಅದರಲ್ಲಿ ಟೇಪು ಇರುವುದಿಲ್ಲ, ಸಣ್ಣದೊಂದು ಸರ್ಕಿಟ್ ಫಲಕ ಇರುತ್ತದೆ. ಆದರೂ ನಮ್ಮವರೆಲ್ಲ ಅದನ್ನು ಕ್ಯಾಸೆಟ್ಟೆಂದೇ ಕರೆದರು. ‘ಸಾವಿರದೊಂದು ಆಟಗಳು’ ಎಂದು ಮೇಲೆ ಅಚ್ಚಾಗಿದ್ದ ಕ್ಯಾಸೆಟ್ಟಿನಲ್ಲಿ ಹತ್ತಾರು ಆಟಗಳೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು.

ಆ ಪೆಟ್ಟಿಗೆಗಳೆಲ್ಲವೂ ಜಪಾನಿನ ಒಂದೇ ಯಂತ್ರದ ನಕಲುಗಳು. ಕ್ಯೋಟೋ ನಗರದಲ್ಲಿ 1889ರಲ್ಲಿ ಇಸ್ಪೀಟಿನಂಥ ಎಲೆಗಳನ್ನು ತಯಾರಿಸುತ್ತ ಆರಂಭವಾದ ನಿಂಟೆಂಡೋ ಎಂಬ ಸಂಸ್ಥೆ 1983ರಲ್ಲಿ ‘ಫ್ಯಾಮಿಕಾಂ’ ಎಂಬ ಆಟದ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಮಾರಿಯೋ ಎಂಬ ಮೀಸೆಯ ಕೊಳಾಯಿ ಕೆಲಸಗಾರ ಪ್ರಸಿದ್ಧನಾದದ್ದು ಈ ಯಂತ್ರದಿಂದ. ಇಂಥ ಯಂತ್ರ ನಮ್ಮ ಕರಾವಳಿಯ ಮನೆಗಳಿಗೆ ಬಂದದ್ದು ಹತ್ತು ವರ್ಷ ತಡವಾಗಿ, ಅದೂ ಮೂಲದ ರೂಪದಲ್ಲಲ್ಲ, ನಕಲಿನ ರೂಪದಲ್ಲಿ. ನನ್ನ ತರಗತಿಯ ಹುಡುಗರ ಗಣಿತದ ನೋಟುಪುಸ್ತಕದ ಕೊನೆಯ ಪುಟದಲ್ಲಿ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ ಎಂದು ಬಾಣದ ಗುರುತುಗಳು ಕಾಣಿಸತೊಡಗಿದ್ದೂ ಆ ವರ್ಷಗಳಲ್ಲಿಯೇ. ಅದು ‘ಕಾಂಟ್ರಾ’ ಎಂಬ ಆಟದಲ್ಲಿ 30 ಜೀವ ಪಡೆಯುವ ಗುಪ್ತಮಂತ್ರ. ಆ ಪುಟ ಬರೆದವರಲ್ಲಿ ಇಬ್ಬರು ಈಗ ಎಂಜಿನಿಯರುಗಳು, ಒಬ್ಬರು ತಹಶೀಲ್ದಾರರು. ಯಾರೆಂಬುದು ಅವರಿಗೇ ಗೊತ್ತು!

ನಮ್ಮ ಮನೆಗೆ ಈ ಪೆಟ್ಟಿಗೆಯನ್ನು ತಂದವನು ನನ್ನ ತಮ್ಮ. ಅವನಿಗೆ ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ. ಎಂಟೊಂಬತ್ತು ತಿಂಗಳು ನೀರಿನ ಮೇಲೆ, ಮೂರು ತಿಂಗಳು ನಮ್ಮೊಡನೆ. ಪೆಟ್ಟಿಗೆಯನ್ನು ಮುಂಬಯಿಯ ಮನೀಶ್ ಮಾರ್ಕೆಟ್ಟಿನಲ್ಲಿ ಕೊಂಡಿದ್ದ. ಆದರೆ ಕ್ಯಾಸೆಟ್ಟು ಮಾತ್ರ ಅಸಲಿ. ಹಡಗು ಕೋಬೆ ಬಂದರಿನಲ್ಲಿ ನಿಂತಾಗ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಅದು ಸಿಕ್ಕಿತಂತೆ. ಜಪಾನಿ ಲಿಪಿಯ ಚೀಟಿ ಅಂಟಿಸಿದ್ದ, ಅಂಗೈಯಗಲದ ಆ ಕ್ಯಾಸೆಟ್ಟಿನಲ್ಲಿ ಒಂದೇ ಒಂದು ಆಟ: ನಾಮ್ಕೋ ಸಂಸ್ಥೆ 1985ರಲ್ಲಿ ಹೊರತಂದ ‘ಬ್ಯಾಟಲ್ ಸಿಟಿ’. ನಮ್ಮ ಕಡೆಯ ಮಕ್ಕಳ ಭಾಷೆಯಲ್ಲಿ ಟ್ಯಾಂಕ್ ಗೇಮು.

ಆಟ ಸರಳ. ಚೌಕಾಕಾರದ ಬಯಲು. ಕೆಳಗೆ ನಡುವೆ ಒಂದು ಹದ್ದಿನ ಗುರುತು. ಅದೇ ನಮ್ಮ ಕೋಟೆ. ಮೇಲಿನಿಂದ ವೈರಿಯ ಇಪ್ಪತ್ತು ಟ್ಯಾಂಕುಗಳು ಒಂದೊಂದಾಗಿ ಇಳಿದು ಬರುತ್ತವೆ. ಅವು ಹದ್ದಿಗೆ ಗುಂಡು ಹೊಡೆಯುವ ಮೊದಲು ನಾವು ಅವುಗಳನ್ನು ಹೊಡೆಯಬೇಕು. ಬಯಲಿನಲ್ಲಿ ಇಟ್ಟಿಗೆಯ ಗೋಡೆಗಳಿವೆ, ಗುಂಡು ತಗುಲಿದರೆ ಒಡೆಯುತ್ತವೆ. ಉಕ್ಕಿನ ಗೋಡೆಗಳು ಸಾಮಾನ್ಯ ಗುಂಡಿಗೆ ಒಡೆಯುವುದಿಲ್ಲ. ನೀರಿನ ಮೇಲೆ ಟ್ಯಾಂಕು ಹೋಗದು, ಗುಂಡು ಹಾರಿ ಹೋಗುತ್ತದೆ. ಕಾಡಿನಲ್ಲಿ ಟ್ಯಾಂಕು ಅಡಗಬಹುದು. ಮಂಜುಗಡ್ಡೆಯ ಮೇಲೆ ಜಾರುತ್ತದೆ. ಇಬ್ಬರು ಜೊತೆಯಾಗಿ ಆಡಬಹುದು. ಮೊದಲನೆಯವನು ಹದ್ದಿನ ಎಡಗಡೆಯಿಂದ ಹೊರಡುತ್ತಾನೆ, ಎರಡನೆಯವನು ಬಲಗಡೆಯಿಂದ. ಹೀಗೆ ಒಟ್ಟು 35 ಹಂತಗಳು.

ಈ ಆಟಕ್ಕೆ ಇನ್ನೊಂದು ಸೊಗಸು ಇತ್ತು. ಆರಂಭದ ಪುಟದಲ್ಲಿ ‘ಕನ್‌ಸ್ಟ್ರಕ್ಷನ್’ ಎಂಬ ಮೂರನೆಯ ಆಯ್ಕೆ. ಅದನ್ನು ಒತ್ತಿದರೆ ಆಡುವವನು ತನ್ನದೇ ಬಯಲನ್ನು ಕಟ್ಟಬಹುದಾಗಿತ್ತು. ಬಯಲಿನಲ್ಲಿ ಅಡ್ಡಕ್ಕೆ 13, ಉದ್ದಕ್ಕೆ 13 ಮನೆಗಳು. ಗುಂಡಿ ಒತ್ತಿದಂತೆಲ್ಲ ಇಟ್ಟಿಗೆ, ಉಕ್ಕು, ನೀರು, ಕಾಡು, ಮಂಜು ಬದಲಾಗುತ್ತ ಹೋಗುತ್ತವೆ; ಬೇಕಾದಲ್ಲಿ ಬೇಕಾದುದನ್ನು ನಿಲ್ಲಿಸಬೇಕು. ಕೊರತೆ ಒಂದೇ: ಪೆಟ್ಟಿಗೆಯನ್ನು ಆರಿಸಿದೊಡನೆ ಕಟ್ಟಿದ್ದೆಲ್ಲ ಮಾಯ. ಕರೆಂಟು ಹೋದರೂ ಅಷ್ಟೇ. ಕಾರವಾರದ ಮಳೆಗಾಲದಲ್ಲಿ ಕರೆಂಟು ಹೋಗುವುದೇನು ದೊಡ್ಡ ವಿಷಯವೇ?

ಅದಕ್ಕೆ ತಮ್ಮ ಒಂದು ಉಪಾಯ ಮಾಡಿದ. ನನ್ನ ಮೇಜಿನ ಮೇಲಿದ್ದ, ಎಸ್ಸೆಸ್ಸೆಲ್ಸಿ ಮಕ್ಕಳಿಗೆಂದು ತಂದಿಟ್ಟ ಗ್ರಾಫ್ ಹಾಳೆಗಳನ್ನು ತೆಗೆದುಕೊಂಡು, ಹದಿಮೂರು ಹದಿಮೂರರ ಚೌಕ ಗೆರೆ ಎಳೆದು, ಒಂದೊಂದು ಮನೆಯಲ್ಲೂ ಒಂದೊಂದು ಅಕ್ಷರ ಬರೆದ. ‘ಇ’ ಎಂದರೆ ಇಟ್ಟಿಗೆ, ‘ಉ’ ಎಂದರೆ ಉಕ್ಕು, ‘ನೀ’ ನೀರು, ‘ಕಾ’ ಕಾಡು, ‘ಮಂ’ ಮಂಜು. ಮರುದಿನ ಅದನ್ನು ನೋಡಿಕೊಂಡು ಮತ್ತೆ ಕಟ್ಟುವುದು. ಆಗ ಒಂಬತ್ತು ವರ್ಷದವನಾಗಿದ್ದ ನನ್ನ ಮಗನೇ ಅವನ ಸಹಾಯಕ. ಚಿಕ್ಕಪ್ಪ ಹೇಳುವುದು, ಇವನು ಗುಂಡಿ ಒತ್ತುವುದು. ನಿರ್ದೇಶಾಂಕಗಳನ್ನು ನಾನು ಶಾಲೆಯಲ್ಲಿ ಕಪ್ಪುಹಲಗೆಯ ಮೇಲೆ ಕಲಿಸುತ್ತಿದ್ದರೆ ನಮ್ಮ ಮನೆಯ ಚಾಪೆಯ ಮೇಲೆ ಅದು ತಾನಾಗಿ ನಡೆಯುತ್ತಿತ್ತು. 1995ರ ರಜೆಯೊಂದರಲ್ಲಿಯೇ ಇಬ್ಬರೂ ಸೇರಿ ಹನ್ನೊಂದು ಬಯಲುಗಳನ್ನು ಕಟ್ಟಿದರು.

ಅದಾದ ಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ. 1998ರಲ್ಲಿ ನನಗೆ ಅಂಕೋಲೆಗೆ ವರ್ಗವಾಯಿತು. ಅದೇ ಮಳೆಗಾಲದಲ್ಲಿ ಪೆಟ್ಟಿಗೆ ಕೆಟ್ಟಿತು. 2004ರಲ್ಲಿ ತಮ್ಮ ತೀರಿಕೊಂಡ, ಹೃದಯಾಘಾತ. ಆಗ ಅವನಿಗೆ ಮೂವತ್ತೇಳು. ಮದುವೆಯಾಗಿರಲಿಲ್ಲ. ಅವನ ಸಾಮಾನುಗಳಿದ್ದ ಟ್ರಂಕು ನಮ್ಮ ಅಂಕೋಲೆಯ ಮನೆಯ ಅಟ್ಟ ಸೇರಿತು.

ಸಮುದ್ರದ ಬದಿಯಲ್ಲಿ ಬದುಕಿದವರಿಗೆ ಉಪ್ಪುಗಾಳಿಯ ವಿಷಯ ಹೇಳಬೇಕಾಗಿಲ್ಲ. ಕಿಟಕಿಯ ಸರಳು, ಸೈಕಲ್ಲಿನ ಚೈನು, ಫ್ರಿಜ್ಜಿನ ಬೆನ್ನು, ಎಲ್ಲವನ್ನೂ ಅದು ನಿಧಾನವಾಗಿ ತಿನ್ನುತ್ತದೆ. ವರ್ಷಕ್ಕೆ 3000 ಮಿಲಿಮೀಟರಿನಷ್ಟು ಮಳೆ ಬೀಳುವ ಊರಿನಲ್ಲಿ ಎಲೆಕ್ಟ್ರಾನಿಕ್ ಸಾಮಾನಿನ ಆಯುಷ್ಯ ಎಷ್ಟು? ಕ್ಯಾಸೆಟ್ಟು ಓಡದಿದ್ದಾಗ ಮಕ್ಕಳೆಲ್ಲ ಅದರ ಬಾಯಿಗೆ ಉಫ್ ಎಂದು ಊದುತ್ತಿದ್ದರು. ಕಾರವಾರದ ಮಕ್ಕಳಷ್ಟೇ ಅಲ್ಲ, ಜಗತ್ತಿನ ಎಲ್ಲ ಮಕ್ಕಳೂ ಹಾಗೆಯೇ ಊದುತ್ತಿದ್ದರಂತೆ. ವಾಸ್ತವದಲ್ಲಿ ಉಸಿರಿನ ತೇವದಿಂದ ಹಿತ್ತಾಳೆ ಬಣ್ಣದ ಆ ಹಲ್ಲುಗಳು ಇನ್ನಷ್ಟು ಕಿಲುಬು ಹಿಡಿಯುತ್ತವೆ. ತೆಗೆದು ಮತ್ತೆ ಸಿಕ್ಕಿಸಿದ್ದರಿಂದಲೇ ಸಂಪರ್ಕ ಸರಿಹೋಗುತ್ತಿತ್ತು. ಒಟ್ಟಿನಲ್ಲಿ ಯಂತ್ರ ಶಾಶ್ವತವಲ್ಲ. ತಾಳೆಗರಿಯ ಗ್ರಂಥಗಳು ನಮ್ಮ ಹವೆಯಲ್ಲಿ ನೂರಾರು ವರ್ಷ ಉಳಿದು ಬಂದದ್ದು ಗರಿ ಗಟ್ಟಿಯೆಂದಲ್ಲ. ಒಂದು ತಲೆಮಾರಿನವರು ಹಳೆಯ ಗರಿಯನ್ನು ನೋಡಿ ಹೊಸ ಗರಿಯ ಮೇಲೆ ಪ್ರತಿ ಮಾಡಿಕೊಂಡರೆಂದು. ಮೊಬೈಲಿನಲ್ಲಿ ಹಳೆಯ ಆಟ ಆಡುವುದೂ ಇಂಥದೇ ಒಂದು ಪ್ರತಿ ಮಾಡುವ ಕೆಲಸ.

ಅದು ಹೇಗೆಂದು ನನ್ನ ಮಗ ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಕಾರವಾರದ ಭಾನುವಾರದ ಸಂತೆಯನ್ನು ನೆನಪಿಸಿಕೊಳ್ಳಿ. ಘಟ್ಟದ ಮೇಲಿನಿಂದ ಕಾಯಿಪಲ್ಲೆ ತಂದ ವ್ಯಾಪಾರಿಗೆ ಕನ್ನಡ ಮಾತ್ರ ಗೊತ್ತು. ಕೊಳ್ಳಲು ಬಂದ ಅಜ್ಜಿಗೆ ಕೊಂಕಣಿ ಮಾತ್ರ ಗೊತ್ತು. ನಡುವೆ ಎರಡೂ ಬಲ್ಲ ಹುಡುಗನೊಬ್ಬ ನಿಂತು, ಅಜ್ಜಿ ಹೇಳಿದ ಒಂದೊಂದು ಮಾತನ್ನೂ ಕನ್ನಡಕ್ಕೆ ತಿರುಗಿಸುತ್ತಾನೆ, ವ್ಯಾಪಾರ ಕುದುರುತ್ತದೆ. ಹಳೆಯ ಕ್ಯಾಸೆಟ್ಟಿನೊಳಗಿನ ಆಜ್ಞೆಗಳು ಹಳೆಯ ಯಂತ್ರದ ಭಾಷೆಯಲ್ಲಿವೆ. ಮೊಬೈಲಿಗೆ ಆ ಭಾಷೆ ಬಾರದು. ‘ಎಮ್ಯುಲೇಟರ್’ ಎಂಬ ತಂತ್ರಾಂಶ ನಡುವೆ ನಿಂತು ಒಂದೊಂದು ಆಜ್ಞೆಯನ್ನೂ ಮೊಬೈಲಿಗೆ ತಿಳಿಯುವಂತೆ ತಿರುಗಿಸುತ್ತದೆ. ಆಟಕ್ಕೆ ತಾನು ಬೇರೆ ಯಂತ್ರದಲ್ಲಿರುವುದು ಗೊತ್ತಾಗುವುದೇ ಇಲ್ಲ. ಕ್ಯಾಸೆಟ್ಟಿನ ಒಳಗಿನದನ್ನು ಹಾಗೆಯೇ ಪ್ರತಿ ಮಾಡಿದ ಕಡತಕ್ಕೆ ‘ರೋಮ್’ ಎನ್ನುತ್ತಾರೆ. ನಾನು ಬಳಸುವ ‘ರೆಟ್ರೋಆರ್ಚ್’ ಎಂಬ ಎಮ್ಯುಲೇಟರು ಉಚಿತ, ಅದರ ಒಳಗನ್ನು ಯಾರು ಬೇಕಾದರೂ ಓದಿ ತಿದ್ದಬಹುದು.

ಗಣಿತದ ಮಾಸ್ತರನಾದ್ದರಿಂದ ಕೆಲವು ಅಂಕಿಗಳನ್ನು ಹೇಳದೆ ಇರಲಾರೆ. ಹಳೆಯ ಯಂತ್ರದ ಮಿದುಳು ಸೆಕೆಂಡಿಗೆ ಸುಮಾರು 18 ಲಕ್ಷ ಸಲ ಮಿಡಿಯುತ್ತಿತ್ತು. ಇಂದಿನ ಸಾಧಾರಣ ಮೊಬೈಲಿನದು 200 ಕೋಟಿ ಸಲ. ಹಳೆಯದರ ಕೆಲಸದ ನೆನಪಿನ ಶಕ್ತಿ 2048 ಬೈಟುಗಳು ಮಾತ್ರ. ಆದುದರಿಂದ ಎಮ್ಯುಲೇಟರಿಗೆ ಮೊಬೈಲನ್ನು ಓಡಿಸುವುದು ಕಷ್ಟವಲ್ಲ, ಬಿಗಿ ಹಿಡಿಯುವುದೇ ಮುಖ್ಯ. ಬಿಟ್ಟರೆ ಟ್ಯಾಂಕುಗಳು ಮಿಂಚಿನಂತೆ ಓಡಿ ಆಟ ಕ್ಷಣದಲ್ಲಿ ಮುಗಿದೀತು. ಬ್ಯಾಟಲ್ ಸಿಟಿ ಆಟದ ಒಟ್ಟು ಗಾತ್ರ 24 ಕಿಲೋಬೈಟ್. ಕನ್ನಡದ ಒಂದು ಅಕ್ಷರಚಿಹ್ನೆಯನ್ನು ಗಣಕದಲ್ಲಿ ಉಳಿಸಲು ಸಾಮಾನ್ಯವಾಗಿ 3 ಬೈಟು ಬೇಕು. ಲೆಕ್ಕ ಹಾಕಿ ನೋಡಿದರೆ, ನೀವು ಈಗ ಓದುತ್ತಿರುವ ಈ ಬರಹ ಆ ಇಡೀ ಆಟಕ್ಕಿಂತ ದೊಡ್ಡದು! 35 ಹಂತ, ಚಿತ್ರ, ಸದ್ದು, ವೈರಿಯ ಯುಕ್ತಿ, ಬಯಲು ಕಟ್ಟುವ ಸೌಕರ್ಯ ಎಲ್ಲವನ್ನೂ ಅಷ್ಟರಲ್ಲಿ ಹಿಡಿಸಿದವರ ಮಿತವ್ಯಯಕ್ಕೆ ಕೈ ಮುಗಿಯಬೇಕು.

ಇನ್ನು ಕಥೆಗೆ ಬರೋಣ. 2024ರ ಆಗಸ್ಟ್ 7ರಂದು, ನಡುರಾತ್ರಿ ಕಳೆದ ಮೇಲೆ, ಕಾಳಿ ನದಿಯ ಹಳೆಯ ಸೇತುವೆ ಕುಸಿದು ಬಿದ್ದುದು ನಿಮಗೆಲ್ಲ ಗೊತ್ತಿದೆ. ಲಾರಿಯೊಂದು ನೀರಿಗೆ ಬಿತ್ತು. ದೈವಕೃಪೆಯಿಂದ ಚಾಲಕನನ್ನು ಬದುಕಿಸಿ ಮೇಲೆತ್ತಿದರು. ನಾಲ್ಕು ದಶಕ ನಮ್ಮನ್ನು ಆಚೆ ಈಚೆ ದಾಟಿಸಿದ ಸೇತುವೆ. ಶಿರೂರಿನ ಗುಡ್ಡ ಕುಸಿದು ಇನ್ನೂ ಮೂರು ವಾರವಾಗಿತ್ತಷ್ಟೇ. ನಮ್ಮ ಅಂಕೋಲೆಯ ಜನರ ಎದೆ ಇನ್ನೂ ನಡುಗುತ್ತಿದ್ದ ದಿನಗಳು. ಬೆಳಿಗ್ಗೆ ಟಿವಿಯಲ್ಲಿ ಸುದ್ದಿ ನೋಡಿ ಪುಣೆಯಿಂದ ಮಗ ಫೋನು ಮಾಡಿದ. ಎಲ್ಲರ ಕ್ಷೇಮ ಕೇಳಿದ ಮೇಲೆ ಸ್ವಲ್ಪ ಸುಮ್ಮನಿದ್ದು, “ಅಪ್ಪ, ಚಿಕ್ಕಪ್ಪನ ಗ್ರಾಫ್ ಹಾಳೆಗಳು ಅಟ್ಟದಲ್ಲಿ ಇರಬಹುದೇ? ಒಂದರಲ್ಲಿ ಆ ಸೇತುವೆ ಇತ್ತು” ಎಂದ.

ಹುಡುಕಿದೆ. ಟ್ರಂಕಿನ ತಳದಲ್ಲಿ, ಹಡಗಿನ ಕೆಲಸದ ದಾಖಲೆಗಳ ಕೆಳಗೆ, ಒಂದು ರಟ್ಟಿನ ಕಡತದಲ್ಲಿ ಇದ್ದವು. ಎರಡನ್ನು ಒರಲೆ ತಿಂದಿತ್ತು. ಒಂಬತ್ತು ಉಳಿದಿದ್ದವು. ಆರನೆಯ ಹಾಳೆಯ ತಲೆಯ ಮೇಲೆ ನನ್ನ ತಮ್ಮನ ದುಂಡು ಅಕ್ಷರದಲ್ಲಿ ‘ಕೋಡಿಬಾಗ’ ಎಂದು ಬರೆದಿತ್ತು. ಮೇಲಿನ ಮೂರು ಸಾಲುಗಳಲ್ಲಿ ‘ಕಾ’ ತುಂಬಿತ್ತು; ಅದು ಸದಾಶಿವಗಡ. ಆರು ಮತ್ತು ಏಳನೆಯ ಸಾಲುಗಳು ಪೂರ್ತಿ ‘ನೀ’, ಅದು ಕಾಳಿ. ಎಡಗಡೆಯ ಅಂಚಿನಲ್ಲಿಯೂ ನೀರು, ಅದು ಸಮುದ್ರ. ನದಿಯ ನಡುವೆ ನಾಲ್ಕನೆಯ ಮನೆಯಲ್ಲಿ ಮಾತ್ರ ‘ಮಂ’. ಮಳೆಗಾಲದಲ್ಲಿ ಸೇತುವೆ ಜಾರುತ್ತದೆ ಎಂಬ ತಮಾಷೆ ಅದು! ಕೆಳಗೆ ಹದ್ದು ಇರುವಲ್ಲಿ ‘ಮನೆ’ ಎಂದು ಪೆನ್ಸಿಲಿನಲ್ಲಿ ಬರೆದಿದ್ದ. ಕ್ಯಾಸೆಟ್ಟೂ ಅದೇ ಟ್ರಂಕಿನಲ್ಲಿತ್ತು, ಹಲ್ಲುಗಳು ಹಸಿರುಗಟ್ಟಿದ್ದವು.

ಮಗ ಚೌತಿಗೆ ಬರುವಾಗ ಕ್ಯಾಸೆಟ್ಟನ್ನು ಓದುವ ಒಂದು ಪುಟ್ಟ ಸಾಧನವನ್ನು ತಂದ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಹಲ್ಲುಗಳನ್ನು ಉಜ್ಜಿ ಉಜ್ಜಿ, ನಾಲ್ಕನೆಯ ಪ್ರಯತ್ನಕ್ಕೆ ಅದು ಓದಿಸಿಕೊಂಡಿತು. ಇಪ್ಪತ್ತನಾಲ್ಕು ಕಿಲೋಬೈಟ್ ನನ್ನ ಮೊಬೈಲಿಗೆ ಬಂದು ಕುಳಿತಿತು. ಗಣಪತಿಯ ಪೂಜೆ, ಊಟ ಎಲ್ಲ ಮುಗಿದ ಮೇಲೆ ಜಗುಲಿಯ ಮೇಲೆ ಮೂವರೂ ಕುಳಿತೆವು. ಹಾಳೆ ನನ್ನ ಕೈಯಲ್ಲಿ, ಮೊಬೈಲು ನಾಲ್ಕನೆಯ ತರಗತಿಯ ಮೊಮ್ಮಗನ ಕೈಯಲ್ಲಿ. “ಆರನೇ ಸಾಲು, ಐದನೇ ಮನೆ, ನೀರು” ಎಂದು ನಾನು ಹೇಳುತ್ತ ಹೋದೆ, ಅವನು ಕಟ್ಟುತ್ತ ಹೋದ. ನಮ್ಮ ಹಳೆಯ ಟಿವಿ ಕಪ್ಪು ಬಿಳುಪಿನದು. ಆ ನೀರು ನೀಲಿ, ಆ ಕಾಡು ಹಸಿರು ಎಂಬುದನ್ನು ನಾನು ಕಂಡದ್ದು ಅಂದೇ.

ಕಟ್ಟಿ ಮುಗಿದ ಮೇಲೆ ತಂದೆ ಮಗ ಇಬ್ಬರೂ ಒಂದೊಂದು ಬ್ಲೂಟೂತ್ ರಿಮೋಟು ಹಿಡಿದು, ಮೊಬೈಲನ್ನು ತಂಬಿಗೆಗೆ ಒರಗಿಸಿ ಆಡಲು ಕುಳಿತರು. ಮೊಮ್ಮಗ ಹಿರಿಯನಂತೆ ಮೊದಲನೆಯ ಆಟಗಾರನಾದ. ಮಗ ಹಿಂದಿನಂತೆಯೇ ಎರಡನೆಯವನು. ಎರಡು ನಿಮಿಷದಲ್ಲಿ ಮೊಮ್ಮಗನ ಟ್ಯಾಂಕು ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಸೇತುವೆ ದಾಟಿದ ವೈರಿಯೆಲ್ಲ ಅವನ ಕಡೆಗೇ ಬರುತ್ತಿದ್ದ; ನದಿಯಾಚೆಯಿಂದ ಹಾರಿ ಬಂದ ಗುಂಡುಗಳೂ ಅವನಿಗೇ ತಗುಲುತ್ತಿದ್ದವು. ಮಗನಿಗೆ ಒಂದೂ ತಾಗಲಿಲ್ಲ. “ಅಪ್ಪ, ನಿನ್ನ ಕಡೆ ಏಕೆ ಯಾರೂ ಬರುವುದಿಲ್ಲ?” ಎಂದು ಹುಡುಗ ಜಗಳ ತೆಗೆದ.

ಮಗ ಆಟ ನಿಲ್ಲಿಸಿ ಪರದೆಯನ್ನು ನೋಡಿದ. ಎರಡನೆಯ ಆಟಗಾರ ಹೊರಡುವ ಜಾಗದ ಮೇಲ್ಗಡೆ ಉಕ್ಕು, ಎಡಗಡೆ ಉಕ್ಕು. ಬಲಕ್ಕೆ ಮಾತ್ರ ದಾರಿ. ಸೇತುವೆಯ ಎದುರಿಗಿರುವ ಮೊದಲನೆಯ ಆಟಗಾರನ ಸುತ್ತ ಒಂದೇ ಒಂದು ಇಟ್ಟಿಗೆಯೂ ಇಲ್ಲ. ಹಾಳೆಯ ಮೇಲೆ ಆ ‘ಉ’ಗಳು ನೂರಾ ಅರವತ್ತೊಂಬತ್ತು ಮನೆಗಳ ನಡುವೆ ಬರಿಯ ಅಕ್ಷರಗಳಾಗಿದ್ದವು. ಆಡಿದಾಗ ಅವುಗಳ ಅರ್ಥ ತಿಳಿಯಿತು. ನನ್ನ ತಮ್ಮ ಯಾವಾಗಲೂ ಮೊದಲನೆಯ ಆಟಗಾರ. ಗುಂಡಿಗೆ ತಾನು ಎದುರಾಗಿ ನಿಂತು, ಒಂಬತ್ತು ವರ್ಷದ ಹುಡುಗ ಬೇಗ ಸೋತು ಅಳದಂತೆ ಅವನ ಸುತ್ತ ಉಕ್ಕು ನಿಲ್ಲಿಸಿದ್ದ. “ನಾನು ಚೆನ್ನಾಗಿ ಆಡುತ್ತಿದ್ದೆ ಎಂದುಕೊಂಡಿದ್ದೆನಲ್ಲ” ಎಂದು ಮಗ ನಕ್ಕ. ಆಮೇಲೆ ಎದ್ದು ಅಂಗಳಕ್ಕೆ ಹೋಗಿ ಸ್ವಲ್ಪ ಹೊತ್ತು ನಿಂತಿದ್ದ. ಉಳಿದ ಹಾಳೆಗಳನ್ನೂ ಮರುದಿನ ಒಂದೊಂದಾಗಿ ಕಟ್ಟಿ ನೋಡಿದೆವು. ಎಲ್ಲದರಲ್ಲಿಯೂ ಬಲಗಡೆ ಉಕ್ಕು ಇದ್ದೇ ಇತ್ತು.

ಹಾಳೆಯನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರೆ ಈ ವಿಷಯ ನಮಗೆ ತಿಳಿಯುತ್ತಿರಲಿಲ್ಲ. ಕ್ಯಾಸೆಟ್ಟನ್ನು ಗಾಜಿನ ಕಪಾಟಿನಲ್ಲಿ ಇಟ್ಟಿದ್ದರೂ ತಿಳಿಯುತ್ತಿರಲಿಲ್ಲ. ಯಕ್ಷಗಾನದ ಪ್ರಸಂಗದ ಪುಸ್ತಕವನ್ನು ಓದುವುದಕ್ಕೂ ರಾತ್ರಿಯಿಡೀ ಆಟ ನೋಡುವುದಕ್ಕೂ ಇರುವ ವ್ಯತ್ಯಾಸದಂತೆಯೇ ಇದು. ಆಟ ಎಂಬುದು ಆಡಿದಾಗ ಮಾತ್ರ ಇರುತ್ತದೆ. ಅದನ್ನು ಆಡಲು ಬರುವಂತೆ ಉಳಿಸುವುದೇ ನಿಜವಾದ ಉಳಿಸುವಿಕೆ. ಎಮ್ಯುಲೇಟರಿನ ದೊಡ್ಡ ಉಪಕಾರ ಇದೆಂದು ನನ್ನ ತಿಳಿವಳಿಕೆ.

ಎಮ್ಯುಲೇಟರಿನಲ್ಲಿ ‘ಸೇವ್ ಸ್ಟೇಟ್’ ಎಂಬ ಇನ್ನೊಂದು ಸೌಕರ್ಯವಿದೆ. ಆಟದ ಯಾವುದೇ ಗಳಿಗೆಯಲ್ಲಿ ಯಂತ್ರದ ಸ್ಥಿತಿಯನ್ನು ಹಾಗೆಯೇ ಹಿಡಿದಿಟ್ಟು, ಬೇಕೆಂದಾಗ ಅಲ್ಲಿಗೇ ಮರಳಬಹುದು. ಕಟ್ಟಿದ ಬಯಲುಗಳೆಲ್ಲ ಈಗ ಹೀಗೆಯೇ ಭದ್ರವಾಗಿವೆ; ಕರೆಂಟು ಹೋದರೆ ಮಾಯವಾಗುವುದಿಲ್ಲ. ತಮ್ಮ ಇದ್ದಿದ್ದರೆ ಎಷ್ಟು ಸಂತೋಷಪಡುತ್ತಿದ್ದನೋ! ಆದರೆ ಇದೇ ಸೌಕರ್ಯದ ಇನ್ನೊಂದು ಮುಖವನ್ನೂ ಕಂಡೆ. ಮೊಮ್ಮಗ ಮಾರಿಯೋ ಆಟದಲ್ಲಿ ಪ್ರತಿಯೊಂದು ಹೊಂಡದ ಮುಂದೆ ಸ್ಥಿತಿಯನ್ನು ಉಳಿಸಿಕೊಂಡು ಹಾರುತ್ತಿದ್ದ. ಬಿದ್ದರೆ ಹೊಂಡದ ದಂಡೆಗೇ ಮರಳುತ್ತಿದ್ದ. ಒಂದೇ ಮಧ್ಯಾಹ್ನದಲ್ಲಿ ಆಟ ಪೂರ್ತಿ ಮುಗಿಯಿತು. ಮರುದಿನ ಆ ಸೌಕರ್ಯವಿಲ್ಲದೆ ಆಡು ಎಂದೆ. ಎರಡನೆಯ ಹಂತ ದಾಟಲಾಗಲಿಲ್ಲ.

ನಾವು ಬಿ.ಎಡ್. ಓದುವಾಗ ಥಾರ್ನ್‌ಡೈಕ್ ಎಂಬ ಅಮೆರಿಕದ ಮನೋವಿಜ್ಞಾನಿಯ ‘ಪ್ರಯತ್ನ–ಪ್ರಮಾದ ಕಲಿಕೆ’ಯನ್ನು ಬಾಯಿಪಾಠ ಮಾಡಿದ್ದೆವು. 1898ರಲ್ಲಿ ಪ್ರಕಟವಾದ ಅವನ ಪ್ರಯೋಗದಲ್ಲಿ ಹಸಿದ ಬೆಕ್ಕು ಪೆಟ್ಟಿಗೆಯೊಳಗೆ ಪರಚಿ, ಕಚ್ಚಿ, ಕೊನೆಗೆ ಅಗುಳಿ ತೆಗೆದು ಹೊರಬರುತ್ತದೆ. ಮತ್ತೆ ಮತ್ತೆ ಹಾಕಿದಂತೆ ವ್ಯರ್ಥ ಪ್ರಯತ್ನಗಳು ಕಡಿಮೆಯಾಗುತ್ತವೆ. ಹಳೆಯ ಆಟಗಳು ಈ ಪೆಟ್ಟಿಗೆಯಂತೆಯೇ. ಮೂರು ಜೀವ, ಮುಗಿದರೆ ಮೊದಲಿನಿಂದ. ಮೊದಲಿನಿಂದ ಬರುವಾಗ ಸುಲಭದ ಹೊಂಡಗಳನ್ನು ಹತ್ತಾರು ಸಲ ಹಾರಿ ಹಾರಿ ಕಾಲಿಗೆ, ಅಂದರೆ ಹೆಬ್ಬೆರಳಿಗೆ, ಲಯ ಹತ್ತುತ್ತದೆ. ಕಷ್ಟದ ಹೊಂಡ ದಾಟುವುದು ಆ ಲಯದ ಬಲದಿಂದ. ಎಲ್ಲವನ್ನೂ ಉಳಿಸಿಕೊಂಡವನಿಗೆ ಆ ಬಲ ಬರುವುದಿಲ್ಲ. ಕಾಂಟ್ರಾದ ಗುಪ್ತಮಂತ್ರದ ಹಿಂದೆಯೂ ಇಂಥದೇ ಕಥೆಯಿದೆ. ಕಾಜುಹಿಸಾ ಹಾಶಿಮೊಟೊ ಎಂಬ ತಂತ್ರಜ್ಞರು ‘ಗ್ರೇಡಿಯಸ್’ ಎಂಬ ಆಟವನ್ನು 1986ರಲ್ಲಿ ಈ ಯಂತ್ರಕ್ಕೆ ಒಗ್ಗಿಸುವಾಗ, ಪರೀಕ್ಷಿಸಿ ನೋಡಲು ತಮಗೇ ಕಷ್ಟವಾಯಿತೆಂದು ಅದನ್ನು ಇಟ್ಟುಕೊಂಡರು. ಮಾಡಿದವರಿಗೇ ಕಷ್ಟವಾದ ಆಟಗಳವು!

ಆದ್ದರಿಂದ ನಮ್ಮ ಮನೆಯಲ್ಲಿ ಈಗ ಒಂದು ನಿಯಮವಿದೆ. ಕಟ್ಟಿದ್ದನ್ನು ಉಳಿಸಬಹುದು, ಆಡಿದ್ದನ್ನು ಉಳಿಸುವಂತಿಲ್ಲ. ಕೈಯಿಂದ ಮಾಡಿದ ವಸ್ತು ಒಮ್ಮೆ ಹೋದರೆ ಮತ್ತೆ ಬಾರದು. ಸೋಲು ಹಾಗಲ್ಲ, ಸೋತಷ್ಟೂ ಕೈಗೆ ಏನಾದರೂ ಬರುತ್ತದೆ. ಮೊಮ್ಮಗ ಈ ನಿಯಮವನ್ನು ಪುಣೆಯಲ್ಲಿಯೂ ಪಾಲಿಸುತ್ತಿದ್ದಾನೆಯೇ ಎಂದು ನಾನು ಕೇಳಲು ಹೋಗಿಲ್ಲ.

ಕೊನೆಯದಾಗಿ ಒಂದು ಪ್ರಶ್ನೆ. ಇದು ನ್ಯಾಯವೇ ಎಂದು ನಿಮ್ಮಲ್ಲಿ ಕೆಲವರು ಕೇಳುವಿರಿ. ಕೇಳಲೇಬೇಕು. ಎಮ್ಯುಲೇಟರ್ ಎಂಬ ತಂತ್ರಾಂಶವೇ ಅಪರಾಧವಲ್ಲ. ಸೋನಿ ಸಂಸ್ಥೆ ಹೂಡಿದ ವ್ಯಾಜ್ಯವೊಂದರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ 2000ದಲ್ಲಿಯೇ ಎಮ್ಯುಲೇಟರ್ ತಯಾರಿಸಿದವರ ಪರವಾಗಿ ತೀರ್ಪಿತ್ತಿತು. 2024ರ ಏಪ್ರಿಲ್‌ನಲ್ಲಿ ಆಪಲ್ ಸಂಸ್ಥೆಯೂ ತನ್ನ ಐಫೋನಿನ ಆ್ಯಪ್ ಮಳಿಗೆಯಲ್ಲಿ ಹಳೆಯ ಆಟಗಳ ಎಮ್ಯುಲೇಟರುಗಳಿಗೆ ಅವಕಾಶ ಕೊಟ್ಟಿತು. ಆದರೆ ಆಟ ಬೇರೆ, ಎಮ್ಯುಲೇಟರ್ ಬೇರೆ. ಆಟಕ್ಕೆ ಕೃತಿಸ್ವಾಮ್ಯವಿದೆ. ಅಂತರ್ಜಾಲದಲ್ಲಿ ರಾಶಿ ಬಿದ್ದಿರುವ ರೋಮ್‌ಗಳನ್ನು ಇಳಿಸಿಕೊಳ್ಳುವುದು ಇನ್ನೊಬ್ಬರ ಪುಸ್ತಕವನ್ನು ಅಚ್ಚುಹಾಕಿಕೊಂಡಂತೆ. ಮಾರಾಟದಲ್ಲಿರುವ ಯಂತ್ರದ ಎಮ್ಯುಲೇಟರ್ ಮಾಡಿದ ‘ಯುಜು’ ಎಂಬ ತಂಡ 2024ರ ಮಾರ್ಚ್‌ನಲ್ಲಿ ನಿಂಟೆಂಡೋಗೆ 24 ಲಕ್ಷ ಡಾಲರ್ ಕೊಡಲು ಒಪ್ಪಿ ಬಾಗಿಲು ಮುಚ್ಚಬೇಕಾಯಿತು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮಿನಲ್ಲಿ, ಗಣಕ ತಂತ್ರಾಂಶವೊಂದರ ಪ್ರತಿಯನ್ನು ನ್ಯಾಯವಾಗಿ ಹೊಂದಿದವನು, ಅದು ನಾಶವಾದೀತೆಂಬ ಕಾರಣಕ್ಕೆ ರಕ್ಷಣೆಗಾಗಿ ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಲು ಅವಕಾಶವಿದೆ. ನನ್ನ ತಮ್ಮ ಕೋಬೆಯಲ್ಲಿ ಹಣ ಕೊಟ್ಟು ತಂದ ಕ್ಯಾಸೆಟ್ಟು ನನ್ನ ಬಳಿಯಿದೆ. ಉಪ್ಪುಗಾಳಿ ಅದನ್ನು ತಿನ್ನುತ್ತಲೂ ಇದೆ. ಇನ್ನು ಕೊಳ್ಳಲು ಸಿಗುವ ಆಟವನ್ನು ಕೊಂಡೇ ಆಡಬೇಕು. ಬ್ಯಾಟಲ್ ಸಿಟಿಯೇ 2020ರಲ್ಲಿ ನಾಮ್ಕೋದ ಹಳೆಯ ಆಟಗಳ ಸಂಪುಟವೊಂದರಲ್ಲಿ ಮರಳಿ ಬಂದಿದೆ. ಮಗ ಅದನ್ನೂ ಕೊಂಡಿದ್ದಾನೆ.

ಆದರೆ ಎಲ್ಲ ಆಟಗಳಿಗೂ ಈ ಭಾಗ್ಯವಿಲ್ಲ. 2010ಕ್ಕೆ ಮೊದಲು ಅಮೆರಿಕದಲ್ಲಿ ಹೊರಬಂದ ಆಟಗಳಲ್ಲಿ ನೂರಕ್ಕೆ 87 ಈಗ ಮಾರುಕಟ್ಟೆಯಲ್ಲಿ ಸಿಗುವುದೇ ಇಲ್ಲವೆಂದು ಅಲ್ಲಿನ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಕೊಟ್ಟಿದೆ. ಮಾಡಿದವರು ಮಾರುವುದಿಲ್ಲ, ಪ್ರತಿ ಮಾಡಲು ಬಿಡುವುದೂ ಇಲ್ಲ ಎಂದಾದರೆ ಅವು ಎಲ್ಲಿ ಉಳಿಯಬೇಕು? ಗ್ರಂಥಾಲಯಗಳು ಪುಸ್ತಕಗಳನ್ನು ಕಾಪಾಡುವಂತೆ ಆಟಗಳನ್ನೂ ಕಾಪಾಡಲು ಕಾನೂನು ದಾರಿ ಮಾಡಿಕೊಡಬೇಕೆಂಬುದು ನನ್ನ ಅಭಿಪ್ರಾಯ.

ನನ್ನ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ನಿಮಗೀಗ ನಲವತ್ತರ ಆಸುಪಾಸು. ನಿಮ್ಮ ತಂದೆತಾಯಿಯರ ಮನೆಯ ಅಟ್ಟವನ್ನು ಈ ರಜೆಯಲ್ಲಿ ಒಮ್ಮೆ ನೋಡಿ. ಹಳೆಯ ಪೆಟ್ಟಿಗೆ, ಕ್ಯಾಸೆಟ್ಟು, ಕೈಬರಹದ ಚೀಟಿ ಸಿಕ್ಕರೆ ಗುಜರಿಯವನಿಗೆ ಕೊಡುವ ಮೊದಲು ಸ್ವಲ್ಪ ಒರೆಸಿ ನೋಡಿ. ಮಳೆಗಾಲಕ್ಕೆ ಮುಂಚೆ ನೋಡಿದರೆ ಒಳ್ಳೆಯದು. ಕಿಲುಬು ಬಿಡಿಸಲು ಸ್ಪಿರಿಟ್ಟು ಸಾಕು, ಊದಬೇಡಿ.